ಅಡುಗೆಮನೆ ಬಾಗಿಲಲ್ಲಿ ನಿಂತವಳು

2004ರ ಮಾರ್ಚ್ 14, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಲ್ಯಾಬ್ ಅಕ್ಕ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಸ್ಕೇಲು ತೆಗೆದು, ಮಡಿಲಲ್ಲಿದ್ದ ಪತ್ರಿಕೆಯ ಅಡಿಗೆ ಸರಿಸಿದಳು. ರಿಪೇರಿ ಅಣ್ಣ ಕಂಡರೂ ಕಾಣದವನಂತೆ ಕುಳಿತ. ಇವತ್ತು ಇವಳು ಏನೋ ಮಾಡಲೆಂದೇ ಬಂದಿದ್ದಾಳೆ ಎಂಬುದು ಅವನಿಗೆ ಖಾತ್ರಿಯಾಯಿತು.

ಅದು ಅವನ ಟೀವಿ ರಿಪೇರಿ ಅಂಗಡಿಯ ಹಿಂದಿನ ಕೋಣೆ. ಭಾನುವಾರ ಬಂತೆಂದರೆ ಅವನು, ವಕೀಲ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಲ್ಯಾಬ್ ಅಕ್ಕ ಮೂವರೂ ಅಲ್ಲಿ ಸೇರಿ ‘ಹಿಂಬಾಗಿಲು’ ನೋಡುತ್ತಿದ್ದರು. ಹದಿನಾರು ವರ್ಷ ಹಳೆಯ ದೆವ್ವದ ಧಾರಾವಾಹಿ. ಪ್ರಸಾರ ಮಾಡಿದವರೇ ಮೂಲ ಟೇಪು ಅಳಿಸಿ ಅದರ ಮೇಲೆ ಬೇರೇನೋ ತುಂಬಿದ್ದರು. ಉಳಿದದ್ದು ರಿಪೇರಿ ಅಣ್ಣ ಅಂದು ಮನೆಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟುಗಳಷ್ಟೇ. ಅವಕ್ಕೂ ಬೂಷ್ಟು ಹಿಡಿದಿತ್ತು. ಹದಿಮೂರನೇ ಕಂತು ಇನ್ನೊಮ್ಮೆ ಓಡಿದರೆ ಪುಣ್ಯ ಎಂದು ಕಳೆದ ವಾರ ಅವನೇ ಹೇಳಿದ್ದ. ಆಗ ಲ್ಯಾಬ್ ಅಕ್ಕನ ಮುಖ ಸುಣ್ಣವಾಗಿತ್ತು.

ಜಗಳವೆಲ್ಲ ಆ ಕಂತಿನದೇ. ಅದರಲ್ಲಿ ಮನೆಗೆಲಸದವಳು ಅಡುಗೆಮನೆ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಪಕ್ಕದ ಚೌಕಟ್ಟಿನ ಮೇಲೆ, ಒಂದರ ಮೇಲೊಂದು, ಐದು ಪೆನ್ಸಿಲ್ ಗೆರೆ. ಕಥೆಯಲ್ಲಿ ಸತ್ತವರು ನಾಲ್ವರೇ. ಹಾಗಾದರೆ ಐದನೆಯ ಗೆರೆ ಯಾರದು? ಯಜಮಾನನದು, ಮುಂದೆ ಸಾಯುತ್ತಾನೆ ಎಂದು ವಕೀಲನ ವಾದ. ಕೆಲಸದವಳದೇ, ಅವಳು ಎಂದೋ ಸತ್ತ ದೆವ್ವ ಎಂದು ರಿಪೇರಿ ಅಣ್ಣನದು.

“ಗೆರೆ ನೋಡಿ ಸಾರ್. ಕೆಳಗೆ ದೂರ ದೂರ, ಮೇಲೆ ಹೋಗ್ತಾ ಹತ್ತಿರ ಹತ್ತಿರ. ಕೊಲೆ ಚಟ ಹತ್ತಿದ ಮೇಲೆ ತಡೆಯೋಕಾಗಲಿಲ್ಲ ಅವಳಿಗೆ.”

“ಗೆರೆನ ಸಾವು ಅನ್ಬೇಡಿ ಅಣ್ಣ,” ಎಂದಳು ಲ್ಯಾಬ್ ಅಕ್ಕ. “ಕಾಲು ನೋಡಿದ್ರೆ ಸಾಕು. ನೆಲ ಮುಟ್ಟಿದ್ರೆ ಮನುಷ್ಯಳು, ಇಲ್ದಿದ್ರೆ ದೆವ್ವ. ಅಳೆದುಬಿಟ್ರೆ ಮುಗೀತು.”

ಆರು ತಿಂಗಳಿಂದ ಅವಳದು ಇದೊಂದೇ ಹಟ. ಮೊದಲ ದಿನವೇ ಹದಿಮೂರನೇ ಕಂತು ಇದೆಯಾ ಎಂದು ಕೇಳಿಕೊಂಡು ಬಂದವಳು. ಯಜಮಾನನ ಹೆಸರೇನು ಎಂದರೆ ಇವತ್ತಿಗೂ ತಡವರಿಸುತ್ತಾಳೆ. ಆ ದೃಶ್ಯ ಬಂದಾಗ ಮಾತ್ರ ಅವಳ ಬಲಗೈ ತಾನಾಗಿ ಮೇಲೇಳುತ್ತದೆ. ಅಂಗೈ ಕೆಳಮುಖ ಮಾಡಿ, ಸೊಂಟದ ಮಟ್ಟದಲ್ಲಿ ಒಂದಿಷ್ಟು ಏರಿಸುತ್ತಾಳೆ, ಒಂದಿಷ್ಟು ಇಳಿಸುತ್ತಾಳೆ. ದೆವ್ವ ಎಷ್ಟು ಮೇಲೆ ತೇಲುತ್ತಿದೆ ಎಂದು ತೋರಿಸುತ್ತಿದ್ದಾಳೆ ಎಂದು ವಕೀಲ ನಗುತ್ತಿದ್ದ.

ಕಂತು ಶುರುವಾಯಿತು. ಕೆಲಸದವಳು ಬಾಗಿಲಿಗೆ ಬಂದಳು.

“ನಿಲ್ಸಿ ಅಣ್ಣ. ಎರಡೇ ನಿಮಿಷ.”

“ಹುಚ್ಚಾ ಅಕ್ಕ? ನಿಲ್ಸಿದ್ರೆ ವಿಸಿಆರ್ ಹೆಡ್ಡು ಒಂದೇ ಜಾಗ ಉಜ್ತಾ ಇರುತ್ತೆ. ಈ ಟೇಪು ತಡೆಯಲ್ಲ. ಆಮೇಲೆ ಯಾರಿಗೂ ಇಲ್ಲ ಇದು.”

“ಗೊತ್ತು. ನಿಮ್ಮ ಕಾಲಿಗೆ ಬೀಳ್ತೀನಿ. ನಿಲ್ಸಿ.”

ಒಂದು ಧಾರಾವಾಹಿಗಾಗಿ ಯಾರಾದರೂ ಹೀಗೆ ಅಂಗಲಾಚುವುದನ್ನು ರಿಪೇರಿ ಅಣ್ಣ ಕಂಡಿರಲಿಲ್ಲ.

“ನಿಲ್ಸಯ್ಯಾ,” ಎಂದ ವಕೀಲ. “ಹದಿನಾರು ವರ್ಷದ ವ್ಯಾಜ್ಯ. ಇವತ್ತಾದ್ರೂ ತೀರ್ಪು ಬರ್ಲಿ.”

ಹಾಳು ಕುತೂಹಲ ರಿಪೇರಿ ಅಣ್ಣನನ್ನೂ ಬಿಟ್ಟಿರಲಿಲ್ಲ. ಗುಂಡಿ ಒತ್ತಿದ.

ಲ್ಯಾಬ್ ಅಕ್ಕ ಟೀವಿಯ ಮುಂದೆ ಮಂಡಿಯೂರಿದಳು. ನಡುಗುವ ಚಿತ್ರದ ಮೇಲೆ ಸ್ಕೇಲು ಇಟ್ಟಳು. ಹೊಸ್ತಿಲಿಂದ ಬಾಗಿಲ ಮೇಲಿನ ಅಡ್ಡಪಟ್ಟಿಯವರೆಗೆ. “ಇಪ್ಪತ್ನಾಲ್ಕು ಸೆಂಟಿಮೀಟರ್. ಬಾಗಿಲು ಆರು ಅಡಿ ಎಂಟು ಇಂಚು.”

“ಅದು ನಿಮಗೆ ಹೇಗೆ ಗೊತ್ತು?”

ಅವಳು ಹೊಸ್ತಿಲಿಂದ ಮತ್ತೊಮ್ಮೆ ಅಳೆದಳು, ಈ ಸಲ ಬಾಗಿಲ ನಡುಮಟ್ಟದವರೆಗೆ ಮಾತ್ರ. “ಹನ್ನೆರಡು ಪಾಯಿಂಟ್ ಮೂರು.”

“ಹಿಮ್ಮಡಿ ಅಷ್ಟು ಮೇಲಿದ್ರೆ ಅದು ದೆವ್ವ ಅಲ್ಲ ಅಕ್ಕ, ಗಾಳಿಪಟ,” ಎಂದ ವಕೀಲ.

ತೆರೆಯ ಮೇಲೆ ಬಿಳಿ ಪಟ್ಟೆಗಳು ಹರಿದವು. ಯಂತ್ರದೊಳಗೆ ಏನೋ ಚರಕ್ಕೆಂದಿತು. ಬಾಗಿಲು, ಗೆರೆ, ಹೆಂಗಸು ಎಲ್ಲ ಒಂದೇ ಸಲಕ್ಕೆ ಮಾಯ.

ರಿಪೇರಿ ಅಣ್ಣ ಕ್ಯಾಸೆಟ್ಟು ಹೊರಗೆಳೆದ. ತುಂಡಾದ ಟೇಪು ಅವನ ಬೆರಳಿಗೆ ಸುತ್ತಿಕೊಂಡು ಜೋತಾಡಿತು. “ಮುಗೀತಲ್ಲ? ಈಗ ಸಮಾಧಾನನಾ?”

ಅದು ಅವಳ ಕಿವಿಗೆ ಬೀಳಲಿಲ್ಲ. ಅಂಗೈ ಮೇಲೆ ಪೆನ್ನಿನಿಂದ ಗುಣಿಸುತ್ತಿದ್ದಳು, ಭಾಗಿಸುತ್ತಿದ್ದಳು. ಆಮೇಲೆ ಎದ್ದು ಮೇಜಿನ ಮೇಲಿದ್ದ ಅಳತೆಪಟ್ಟಿ ತೆಗೆದುಕೊಂಡಳು. ಅಂಗಡಿಯ ಬಾಗಿಲ ಬಳಿ ಹೋಗಿ ನೆಲದಿಂದ ಅಳೆದು, ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಅದರ ಪಕ್ಕ, ಅದೇ ಮಟ್ಟಕ್ಕೆ, ಅಂಗೈ ಹಿಡಿದಳು. ಆರು ತಿಂಗಳಿಂದ ಏರಿಳಿಯುತ್ತಿದ್ದ ಆ ಕೈ ಈಗ ಕದಲಲಿಲ್ಲ.

“ಅವಳು ತೇಲ್ತಿದ್ಳಾ ಇಲ್ವಾ, ಅದನ್ನಾದ್ರೂ ಹೇಳಿ,” ಎಂದ ರಿಪೇರಿ ಅಣ್ಣ.

“ಅವಳನ್ನ ನಾನು ನೋಡಲೇ ಇಲ್ಲ ಅಣ್ಣ. ಅದು ನಮ್ಮನೆ ಬಾಗಿಲು. ಶೂಟಿಂಗಿಗೆ ಬಾಡಿಗೆ ಕೊಟ್ಟಿದ್ವಿ. ಈಗ ಆ ಮನೇನೂ ಇಲ್ಲ, ಒಡೆದ್ರು. ಫೋಟೋದಲ್ಲಿ ಮುಖ ಇದೆ, ಎತ್ತರ ಇಲ್ಲ. ತಲೆ ಸವರೋಕೆ ಕೈ ಎಲ್ಲಿಗೆ ಚಾಚಬೇಕು ಅನ್ನೋದೇ ಮರೆತುಹೋಗಿತ್ತು.” ಅವಳು ಗಾಳಿಯನ್ನು ಮೆಲ್ಲಗೆ ಸವರಿದಳು. “ಪ್ರತಿ ಹುಟ್ಟುಹಬ್ಬಕ್ಕೂ ಮಗಳನ್ನ ಅಲ್ಲಿ ನಿಲ್ಸಿ ಒಂದು ಗೆರೆ ಎಳೀತಿದ್ದೆ. ಆರನೇದು ಎಳೆಯೋಕೆ ಆಗಲಿಲ್ಲ.”

ಐದನೆಯ ಗೆರೆ ನೆಲದಿಂದ ಮೂರು ಅಡಿ ಐದು ಇಂಚು.