ಹಾಲಿನಲ್ಲಿ ಕಂಡ ಜಾಗ

ಡೇರಿಯ ಕಾರ್ಯದರ್ಶಿ ತಿಮ್ಮರಾಯಪ್ಪ ಎಂದಿನಂತೆ ನೊರೆ ಊದಿ ಸರಿಸಿ, ಮುದ್ದಮ್ಮನ ಕ್ಯಾನಿನೊಳಗೆ ಬಗ್ಗಿ ನೋಡಿದ. ಹಸು ತಿಂದ ಹುಲ್ಲು ಎಲ್ಲಿ ಬೆಳೆದಿತ್ತೋ ಆ ಜಾಗ ಹಾಲಿನ ಮೇಲೆ ಮೂಡುತ್ತದೆ. ಅದರ ಹೆಸರು ಬರೆದುಕೊಂಡ ಮೇಲೆಯೇ ಅವನು ಹಾಲು ಅಳೆಯುವುದು. ದಿನವೂ ಎಲ್ಲರ ಹಾಲಿನಲ್ಲೂ ಕಾಣುವುದು ಮೇವಿನ ಜೋಳದ ಹೊಲ, ಸುತ್ತ ಔಷಧಿ ಹೊಡೆದು ಬೋಳಾದ ಬದು. ಇವತ್ತು ಮಾತ್ರ ಮೊಳಕಾಲೆತ್ತರದ ಹಸಿರು, ಅದರ ತುಂಬ ಏರೋಪ್ಲೇನ್ ಚಿಟ್ಟೆಗಳು.

"ಇದ್ಯಾವ ಜಾಗಮ್ಮ? ನಮ್ಮೂರಲ್ಲಿ ಇಂಥದ್ದು ನಾನು ನೋಡೇ ಇಲ್ಲ."

"ನಂಗೂ ಗೊತ್ತಾಗ್ತಿಲ್ಲ ಕಣಣ್ಣ."

"ಹೆಸರು ಹೇಳ್ದೆ ಹಾಲು ತಗೊಳಂಗಿಲ್ವಲ್ಲ!"

ಮುದ್ದಮ್ಮ ಕ್ಯಾನು ತನ್ನತ್ತ ಎಳೆದುಕೊಂಡಳು. ತಾನೂ ಬಗ್ಗಿದಳು. ಹುಲ್ಲಿನ ನಡುವೆ ಮೂಲೆ ಮುರಿದ ಒಗೆಯುವ ಕಲ್ಲೊಂದು ಇಣುಕುತ್ತಿತ್ತು. ಅದು ಅವಳದೇ ಕಲ್ಲು! ನಿನ್ನೆ ಜ್ವರವೆಂದು ಹೊಲಕ್ಕೆ ಹೋಗದೆ, ಮನೆಯ ಹಿಂದೆಯೇ ಒಂದು ಹೊರೆ ಕೊಯ್ದು ಹಸುವಿಗೆ ಹಾಕಿದ್ದು ನೆನಪಾಯಿತು.

"ಅಯ್ಯೋ, ನಮ್ಮ ಹಿತ್ತಲು ಕಣಣ್ಣ ಇದು!"

"ಅಲ್ಲಿಗೆ ಏನು ಹಾಕ್ತೀಯಮ್ಮ?"

"ಕೊಟ್ಟಿಗೆ ತೊಳೆದ ನೀರು ಹೋಗ್ತದೆ, ಅಷ್ಟೇ. ಕಳೆಗೆ ಔಷಧಿ ಹೊಡೀಬೇಕಿತ್ತು, ಎರಡು ವರ್ಷದಿಂದ ಮರ್ತೇಬಿಟ್ಟಿದೀನಿ."

ಹಿಂದೆ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಮ್ಮ ಕ್ಯಾನಿನ ಮುಚ್ಚಳ ತೆರೆದು, ಒಂದಾದರೂ ಚಿಟ್ಟೆ ಇದೆಯೇ ಎಂದು ಹುಡುಕತೊಡಗಿದರು.