ಹಾಲಮ್ಮನ ನಡತೆ

"ಹಾಲಮ್ಮನಾ? ಅಂಥೋರು ಇಲ್ಲಿ ಯಾರೂ ಇಲ್ಲ ಸಾರ್. ಇದ್ದೋರು ಮನೆ ಖಾಲಿ ಮಾಡ್ಕೊಂಡು ಕುಂಸಿಗೆ ಹೋಗಿಬಿಟ್ರು" ಎಂದು ಪಕ್ಕದ ಮನೆಯ ಸೆಲ್ವಿ ಪೊಲೀಸಪ್ಪನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿದ್ದದ್ದೇ ತಡ, ಒಳಗೆ ಅಕ್ಕಿ ಆರಿಸುತ್ತಿದ್ದ ಹಾಲಮ್ಮ ದಡಬಡಿಸಿ ಎದ್ದಳು.

ಭದ್ರಾವತಿಯ ಆ ಬೀದಿಗೆ ಪೊಲೀಸರು ಬಂದರೆ ಯಾರನ್ನಾದರೂ ಎಳೆದೊಯ್ಯುವುದಕ್ಕೇ ಎಂಬುದು ಕಾರ್ಖಾನೆಯ ಮುಷ್ಕರದ ಕಾಲದಿಂದ ಬಂದ ನಂಬಿಕೆ. ಅವರು ಯಾರನ್ನೇ ಕೇಳಲಿ, ಇಲ್ಲವೆಂದೇ ಸಾಧಿಸುವುದು ಅಲ್ಲಿನ ರೂಢಿ. ಆದರೆ ಇವತ್ತಿನ ಕೆಲಸವೇ ಬೇರೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಮ್ಮನ ಹಾಗೆ ಪುಕ್ಕಟೆ ಹೊಲಿಗೆ ಹೇಳಿಕೊಡುವವರಾದರೂ ಸರಿ, ಅವರ ನಡತೆಯನ್ನು ಪೊಲೀಸರು ಮನೆಗೇ ಬಂದು ನೆರೆಯವರಲ್ಲಿ ವಿಚಾರಿಸಬೇಕೆಂದು ಶಾಲೆಯವರು ಹೊಸ ನಿಯಮ ಮಾಡಿದ್ದರು. ಈತ ಹಾಗೇ ತಿರುಗಿ ಹೋದರೆ ಹಾಲಮ್ಮ ಶಾಲೆಯ ಗೇಟು ದಾಟುವಂತಿರಲಿಲ್ಲ.

ಅವಳು ಮೊರ ಹಿಡಿದುಕೊಂಡೇ ಹೊರಗೋಡಿದಳು. "ನಾನೇ ಹಾಲಮ್ಮ ಸಾರ್! ನನ್ನ ಹಿಡ್ಕೊಂಡು ಹೋಗ್ತೀರಿ ಅಂತ ಹೆದರಿ ಇವಳು ಸುಳ್ಳು ಹೇಳಿದ್ಲು."

"ಯಾಕೆ ಹೊರಗೆ ಬಂದ್ಯೇ ಮಾರಾಯ್ತಿ!" ಸೆಲ್ವಿ ಹಣೆ ಚಚ್ಚಿಕೊಂಡಳು.

ಪೊಲೀಸಪ್ಪ ಇಬ್ಬರನ್ನೂ ಒಮ್ಮೆ ದಿಟ್ಟಿಸಿ, ಟೋಪಿ ತೆಗೆದು ಜಗಲಿಯ ಮೇಲೆ ಕುಳಿತ.

"ನಿಮಗೋಸ್ಕರ ಪೊಲೀಸರಿಗೇ ಸುಳ್ಳು ಹೇಳೋ ನೆರೆಯವರಿದ್ದಾರಲ್ಲ ತಾಯಿ, ಇನ್ನು ನಿಮ್ಮ ನಡತೆ ಯಾರನ್ನ ಕೇಳ್ಲಿ? ನಾಳೆಯಿಂದ ಶಾಲೆಗೆ ಹೋಗಿ."