ಬೂದಿನೀರಿನ ಜೋಳ

"ಆ ಪುಸ್ತಕ ಮುಚ್ಚೋ! ನನ್ನ ನಾಯಿಗೆ ಬರೋಷ್ಟು ಸೆನೆಕಾನೂ ನಿಂಗೆ ಬರಲ್ವಲ್ಲೋ!" ಎಂದು ಹೇಜಲ್ ಸೌಟು ಕುಕ್ಕಿದಳು. ತಂಗಿಯ ಮಗ ವೆಂಡೆಲ್ ಬೆಚ್ಚಿದನೇ ಹೊರತು ಪೆನ್ನು ಬಿಡಲಿಲ್ಲ. ಬರುವ ತಿಂಗಳಿಂದ ಶಾಲೆಯಲ್ಲಿ ಮಕ್ಕಳಿಗೆ ತಮ್ಮ ಬುಡಕಟ್ಟಿನ ಸೆನೆಕಾ ಭಾಷೆ ಕಲಿಸಬೇಕಾದವನು ಅವನೇ. ಎರಡು ವರ್ಷದಿಂದ ಪ್ರತಿ ಮಂಗಳವಾರ ಬಂದು, ಅವಳ ಮಾತು ಬರೆದುಕೊಂಡು ಐದು ಪುಸ್ತಕ ತುಂಬಿಸಿದ್ದ. ಬಾಯಿಂದ ಮಾತ್ರ ಒಂದು ನೆಟ್ಟಗಿನ ಮಾತು ಹೊರಟಿರಲಿಲ್ಲ.

"ತಪ್ಪಾದ್ರೆ ನೀನು ನಗ್ತೀಯ, ದೊಡ್ಡಮ್ಮ," ಎಂದು ಇಂಗ್ಲಿಷಿನಲ್ಲೇ ಗೊಣಗಿದ.

"ನಗದೆ ಅಳ್ಲಾ? ನಿಮ್ಮಮ್ಮ ಹೋದ್ಮೇಲೆ ಈ ಮನೇಲಿ ನಮ್ ಮಾತಾಡೋರು ಯಾರಿದಾರೆ? ನಾನು ಒದರ್ತೀನಿ, ನಾಯಿ ಬಾಲ ಅಲ್ಲಾಡಿಸತ್ತೆ!" ಅವಳು ಸಿಪ್ಪೆ ಬಿಡಲೆಂದು ಬೂದಿನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳವನ್ನು ತೊಳೆಯುವ ಬುಟ್ಟಿಗೆ ಸುರಿದಳು. ಪುಸ್ತಕ ಕಿತ್ತುಕೊಂಡು ಬುಟ್ಟಿಯನ್ನು ಅವನ ತೋಳಿಗೆ ಹೇರಿದಳು. "ಹಿತ್ತಲ ನಲ್ಲಿಗೆ ನಡಿ. ಕೈ ತುಂಬಿದ್ರೆ ಬರಿಯೋದಾದ್ರೂ ನಿಲ್ಲತ್ತೆ."

ಬುಟ್ಟಿಯ ಸಂದಿಯಿಂದ ಸುಡುನೀರು ಅವನ ಹೊಟ್ಟೆಯ ಮೇಲೆ ಇಳಿಯತೊಡಗಿತು. ಬಾಗಿಲಲ್ಲಿ ನಾಯಿ ಮಲಗಿತ್ತು; ಪಕ್ಕದಲ್ಲೇ ಹೇಜಲ್ ಇನ್ನೂ ಬೈಯುತ್ತ ನಿಂತಿದ್ದಳು. "ಆಚೆ ಸರಿ! ದಾರಿಗಡ್ಡ ಯಾಕೆ ಸಾಯ್ತೀಯ?" ಎಂದು ವೆಂಡೆಲ್ ಕಿರುಚಿದ. ಕಿರುಚಿದ್ದು ಸೆನೆಕಾದಲ್ಲಿ, ಅವನಮ್ಮ ರೇಗಿದಾಗ ಬೈಯುತ್ತಿದ್ದ ಅದೇ ಧಾಟಿಯಲ್ಲಿ.

ನಾಯಿ ಬಾಲ ಮುದುರಿಕೊಂಡು ಎದ್ದು ಹೋಯಿತು. ಅವನು ನಲ್ಲಿ ತಲುಪಿದ ಮೇಲಷ್ಟೇ ಹೇಜಲ್‌ಗೆ ಅರಿವಾಯಿತು: ಪುಸ್ತಕವನ್ನು ಎದೆಗವಚಿಕೊಂಡು, ಗೋಡೆಗೆ ಒತ್ತಿಕೊಂಡು, ತಾನೂ ದಾರಿ ಬಿಟ್ಟುಕೊಟ್ಟಿದ್ದಳು.